ದಾಖಲೆ ನೋಡಿಕೊಳ್ಳುವವರ ಸಂಘ ಏನು ಕೆಲಸ ಮಾಡುತ್ತದೆ?

ಮೊದಲ ಕೆಲಸ, ಕಲಿಸುವುದು. ಹಾಸನದ ನಮ್ಮ ಮನೆಯಲ್ಲಿ ತಾತನ ಕಾಲದ ಕ್ರಯಪತ್ರ ಬಿಚ್ಚಿದರೆ ಮಡಿಕೆಯ ಗೆರೆಯಲ್ಲೇ ನಾಲ್ಕು ಚೂರಾಯಿತು. ಗುಂಡುಸೂಜಿಯ ತುಕ್ಕು ಸರ್ವೆ ನಂಬರನ್ನೇ ತಿಂದಿತ್ತು. ಸೂಜಿ ತೆಗೆದು, ಮಡಚದೆ ಇಡಿ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಉಳಿಯುತ್ತಿತ್ತು, ಅಲ್ವಾ?

ಯಾವ ಕಡತ ಎಷ್ಟು ವರ್ಷ ಇಡಬೇಕು, ಯಾವುದನ್ನು ನಾಶ ಮಾಡಬಹುದು, ಯಾರಿಗೆ ತೋರಿಸಬಹುದು ಅನ್ನುವುದಕ್ಕೂ ಸಂಘಗಳು ಪದ್ಧತಿ ರೂಪಿಸುತ್ತವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ದಾಖಲೆ ನೋಡಿಕೊಳ್ಳುವವರು ಪಾಲಿಸಬೇಕಾದ ನೀತಿಸಂಹಿತೆ. ಪತ್ರಾಗಾರ ಅಂದರೆ ಹಳೆಯ ದಾಖಲೆ ಕಾಪಾಡುವ ಜಾಗ; ಇಂಥವುಗಳಿಗಾಗಿ 1948ರಲ್ಲಿ ಶುರುವಾದ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ 1996ರಲ್ಲಿ ಅಂಥ ಒಂದು ಸಂಹಿತೆಯನ್ನು ಒಪ್ಪಿಕೊಂಡಿತು. ಸತ್ಯ ಮುಚ್ಚಿಡಲು ದಾಖಲೆ ತಿರುಚಿ ಅಂತ ಯಾರೇ ಒತ್ತಡ ಹಾಕಿದರೂ ಮಣಿಯಬಾರದು ಎನ್ನುತ್ತದೆ ಅದು. ರೆಕಾರ್ಡ್ ರೂಮಿನಲ್ಲಿ ಒಂಟಿಯಾಗಿ ಕೂತ ಗುಮಾಸ್ತರಿಗೆ ಇಂಥ ಬೆಂಬಲ ಬೇಕೇ ಬೇಕು.