ಯಾವ ಕಟ್ಟುಪಾಡು, ಅದನ್ನು ಹೇಳಿ

ನಮಸ್ಕಾರ,

ಪಾಪ್ ಹಾಡುಗಳಲ್ಲಿ ಶಿಲುಬೆ, ಸಂತರು, ಹೆಣ್ಣು-ಗಂಡಿನ ಕಟ್ಟುಪಾಡು ಎಂದು ಅಮೆರಿಕದ ಗಾಯಕಿ ಮಡೋನಾಳಿಂದ ರ‍್ಯಾಪ್ ಗಾಯಕ ಲಿಲ್ ನಾಸ್ ಎಕ್ಸ್‌ವರೆಗೆ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

'ಕಟ್ಟುಪಾಡು ಮುರಿದಳು' ಅಂತ ಹನ್ನೊಂದು ಕಡೆ ಬರೆದಿದ್ದೀರಿ, ಎಣಿಸಿದೆ. ಯಾವುದು ಅಂತ ಒಂದು ಕಡೆಯೂ ಇಲ್ಲ. ಕಟ್ಟುಪಾಡು ಅಂದರೆ ಇಂಥದ್ದು: ಕ್ಯಾಥೊಲಿಕ್ ಚರ್ಚಿನಲ್ಲಿ ಹೆಣ್ಣು ಪಾದ್ರಿ ಆಗುವಂತಿಲ್ಲ. 'ಲೈಕ್ ಎ ಪ್ರೇಯರ್' ಹಾಡಿನ ವಿಡಿಯೋದಲ್ಲಿ ಮಡೋನಾ ಚರ್ಚಿನೊಳಗೆ ಬರುತ್ತಾಳೆ, ಕಂಬಿಗಳ ಹಿಂದಿದ್ದ ಸಂತನ ಪ್ರತಿಮೆಗೆ ಜೀವ ಬರುತ್ತದೆ. ಆಮೇಲೆ ಚಾಕು ಎತ್ತಿಕೊಳ್ಳುತ್ತಾಳೆ. ಅಂಗೈಗಳಲ್ಲಿ ಗಾಯ, ಯೇಸುವಿಗೆ ಮೊಳೆ ಹೊಡೆದ ಹಾಗೆ. ಅಂಥ ಗಾಯ ಗಂಡಸರಿಗೆ ಮಾತ್ರ ಅನ್ನುತ್ತೀರಿ, ತಪ್ಪು. ಇಟಲಿಯ ಮಹಿಳಾ ಸಂತ, ಸಿಯೆನಾದ ಕ್ಯಾಥರೀನ್‌ಗೂ ಆಗಿತ್ತಂತೆ. ಆದರೆ ಬೇರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲವಂತೆ. ಇವಳದು ಟಿವಿಯಲ್ಲಿ ಊರಿಗೆಲ್ಲ ಕಂಡಿತು. ನಿಮ್ಮ ಲೇಖನ ಇರುವುದು ಇಲ್ಲಿ.

ಅದೇ ವಿಡಿಯೋದ ಉರಿಯುವ ಶಿಲುಬೆಗಳನ್ನು 'ದೇವರಿಗೆ ಅವಮಾನ' ಎಂದು ಓದಿದ್ದೀರಿ. ಅಮೆರಿಕದಲ್ಲಿ ಕಪ್ಪು ಜನರನ್ನು ಹೆದರಿಸಲು ಶಿಲುಬೆ ಸುಡುತ್ತಿದ್ದವರು ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರು. ವಿಡಿಯೋದಲ್ಲಿ ಹೆಂಗಸಿನ ಮೇಲೆ ಬೀಳುವವರು ಬಿಳಿಯರು, ಪೊಲೀಸರು ಹಿಡಿಯುವುದು ಸಹಾಯಕ್ಕೆ ಬಂದ ಕಪ್ಪು ಯುವಕನನ್ನು. ಅವನಿಗೂ ಆ ಸಂತನಿಗೂ ಒಂದೇ ಮುಖ. ಇದನ್ನು ಬಿಟ್ಟು ಬೆಂಕಿಯ ಬಗ್ಗೆ ಬರೆಯೋಕೆ ಆಗಲ್ಲ, ಅಲ್ವಾ?

ಪೆಪ್ಸಿ ಜಾಹೀರಾತಿನ ಗಲಾಟೆಗೆ ಎರಡು ಪುಟ ಜಾಸ್ತಿ. 1989, ಪೆಪ್ಸಿ ಜೊತೆ 50 ಲಕ್ಷ ಡಾಲರಿನ ಒಪ್ಪಂದ, ಈ ವಿಡಿಯೋಗೆ ಗಲಾಟೆ, ಜಾಹೀರಾತು ವಾಪಸ್. ಇಷ್ಟು ಸಾಕು.

'ಮೇರಿ ಮಾತೆಯನ್ನು ಕೆಣಕಲೆಂದೇ ಆ ಹೆಸರಿಟ್ಟುಕೊಂಡಳು' ಎಂಬ ಸಾಲನ್ನು ಓದಿ ನನಗೆ ಸಿಟ್ಟೇ ಬಂತು. ಮಡೋನಾ ಅಂದರೆ ಮೇರಿ ಮಾತೆ, ನಿಜ, ಆದರೆ ಅದು ಹುಟ್ಟಿದಾಗ ಇಟ್ಟ ಹೆಸರು. ಅಮ್ಮನ ಹೆಸರೂ ಮಡೋನಾ. ಮಗಳಿಗೆ 5 ವರ್ಷವಿದ್ದಾಗ ಅಮ್ಮ ತೀರಿಕೊಂಡರು. 'ಲೈಕ್ ಎ ಪ್ರೇಯರ್' ಆಲ್ಬಮ್ ಅರ್ಪಿಸಿರುವುದು ಪ್ರಾರ್ಥನೆ ಕಲಿಸಿದ ಆ ಅಮ್ಮನಿಗೇ. ಮೊದಲು ಬಂದ ಪ್ರತಿಗಳಿಗೆ ಪಚೌಲಿ, ಅಂದರೆ ನಮ್ಮ ಪಚ್ಚೆತೆನೆಯ ಎಣ್ಣೆಯ ವಾಸನೆ ಹಾಕಿದ್ದರು, ಚರ್ಚಿನ ಧೂಪ ನೆನಪಾಗಲಿ ಅಂತ. ಸಿಟ್ಟು, ಭಕ್ತಿ ಎರಡೂ ಒಟ್ಟಿಗಿವೆ. ನೀವು ಸಿಟ್ಟನ್ನಷ್ಟೇ ಎತ್ತಿಕೊಂಡಿರಿ.

ಲಿಲ್ ನಾಸ್ ಎಕ್ಸ್ ಭಾಗ ತೆಗೆಯಿರಿ. 2021ರ ವಿಡಿಯೋದಲ್ಲಿ ಅವನು ಕಂಬ ಹಿಡಿದು ನರಕಕ್ಕೆ ಜಾರಿ, ಸೈತಾನನ ಕೊಂಬನ್ನು ತಾನೇ ಹಾಕಿಕೊಂಡದ್ದು ಇನ್ನೊಂದು ಲೇಖನಕ್ಕಾಗುವಷ್ಟಿದೆ. ಅದನ್ನೂ ನೀವೇ ಬರೆಯಿರಿ, ಆಮೇಲೆ.

900 ಪದ ಸಾಕು. ಅಂಗೈಯ ಗಾಯದಿಂದ ಶುರುಮಾಡಿ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಹಿಡಿದಿಟ್ಟಿರುತ್ತೇನೆ.

ಸಂಪಾದಕ