ಡಬ್ಬಿಯ ಮೇಲಿನ ನಿಕೋಟಿನ್, ರಕ್ತಕ್ಕೆ ಸೇರುವ ನಿಕೋಟಿನ್

ಪ್ರಶ್ನೆ: ನನಗೆ 34 ವರ್ಷ, ಮಾರತ್ತಹಳ್ಳಿಯ ಕಂಪನಿಯೊಂದರಲ್ಲಿ ಕೆಲಸ. ದಿನಕ್ಕೆ 14–15 ಸಿಗರೇಟು ಸೇದುತ್ತೇನೆ, ಎದ್ದ ಕೂಡಲೇ ಒಂದು ಬೇಕೇ ಬೇಕು. ಬಿಡಬೇಕೆಂದು 2 ಮಿ.ಗ್ರಾಂ. ನಿಕೋಟಿನ್ ಗಮ್ ದಿನಕ್ಕೆ ನಾಲ್ಕರಂತೆ ಅಗಿದೆ. ಬಿಕ್ಕಳಿಕೆ, ಎದೆಯುರಿ ಬಂತೇ ಹೊರತು ಸೇದುವ ಆಸೆ ಹೋಗಲಿಲ್ಲ. ಈಗ ಗೆಳೆಯನೊಬ್ಬ ದುಬೈನಿಂದ ವೇಪ್ (ಇ-ಸಿಗರೇಟು) ತಂದುಕೊಟ್ಟಿದ್ದಾನೆ. ಮೇಲೆ ‘2 ಮಿ.ಲೀ., ಶೇ. 5’ ಎಂದಿದೆ, ಅಂದರೆ 100 ಮಿ.ಗ್ರಾಂ. ನಿಕೋಟಿನ್. ಇದು ಗಮ್‌ಗಿಂತ ಐವತ್ತು ಪಟ್ಟು ಜೋರೇ? ಬಿಡುವುದಕ್ಕೆ ಯಾವುದು ಸರಿ?

ಉತ್ತರ: ನಿಮ್ಮ ಗುಣಾಕಾರ ಸರಿಯಾಗಿದೆ. ಆದರೆ ಅದು ಡಬ್ಬಿಯೊಳಗಿನ ಲೆಕ್ಕ, ಮೈಯೊಳಗಿನದಲ್ಲ. ಒಂದು ಸಿಗರೇಟಿನ ಹೊಗೆಸೊಪ್ಪಿನಲ್ಲಿ ಸುಮಾರು 10–12 ಮಿ.ಗ್ರಾಂ. ನಿಕೋಟಿನ್ ಇರುತ್ತದೆ. ಸೇದುವವರ ರಕ್ತಕ್ಕೆ ಸೇರುವುದು 1ರಿಂದ 1.5 ಮಿ.ಗ್ರಾಂ. ಮಾತ್ರ. 2 ಮಿ.ಗ್ರಾಂ. ಗಮ್ಮನ್ನು ಸರಿಯಾಗಿ ಅಗಿದರೂ ಸಿಗುವುದು ಗಮ್ಮಿನಲ್ಲಿರುವುದರ ಅರ್ಧದಷ್ಟು. ವೇಪ್‌ನಲ್ಲಿ ಎಷ್ಟು ಸೇರುತ್ತದೆ ಎಂಬುದು ಉಪಕರಣದ ಬಿಸಿ, ದ್ರವದ ಸಾಂದ್ರತೆ, ಒಂದೊಂದು ದಮ್ಮು ಎಷ್ಟು ಉದ್ದ ಎಂಬುದರ ಮೇಲೆ ಹೋಗುತ್ತದೆ. ಹೊಸಬರಿಗೆ ಕಡಿಮೆ ಸಿಗಬಹುದು, ಪಳಗಿದವರು ಸಿಗರೇಟಿನಷ್ಟೇ ಎಳೆದುಕೊಳ್ಳಬಲ್ಲರು.

ಮೊತ್ತಕ್ಕಿಂತ ಮುಖ್ಯವಾದದ್ದು ವೇಗ. ಸಿಗರೇಟಿನ ನಿಕೋಟಿನ್ ಶ್ವಾಸಕೋಶದಿಂದ 10–20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಚಟವನ್ನು ಗಟ್ಟಿ ಮಾಡುವುದು ಆ ದಿಢೀರ್ ಏರಿಕೆಯೇ. ವೇಪ್ ಹಿಡಿಯುವುದೂ ಶ್ವಾಸಕೋಶದ ದಾರಿಯನ್ನೇ. ಗಮ್ಮಿನದು ಬಾಯಿಯ ಒಳಪೊರೆಯಿಂದ ಇಳಿಯುವುದರಿಂದ ಏರಲು 20–30 ನಿಮಿಷ ಬೇಕು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗೆ, ಅಂದರೆ ಪ್ಯಾಚ್‌ಗೆ, ಕೆಲವು ಗಂಟೆಗಳೇ ಹಿಡಿಯುತ್ತವೆ, ಆಮೇಲೆ ದಿನವಿಡೀ ಒಂದೇ ಮಟ್ಟದಲ್ಲಿರುತ್ತದೆ. ನಿಧಾನ ಎನ್ನುವುದು ಇವುಗಳ ದೋಷವಲ್ಲ. ಮುಂದೊಂದು ದಿನ ಗಮ್, ಪ್ಯಾಚ್ ಬಿಡುವುದು ಸುಲಭವಾಗುವುದೇ ಅದರಿಂದ.

ಶೇ. 5ರ ವೇಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಬೆಂಜೋಯಿಕ್ ಆಮ್ಲದಂಥದ್ದನ್ನು ಬೆರೆಸಿದ ನಿಕೋಟಿನ್ ಲವಣ. ಗಂಟಲು ಉರಿಯದ ಕಾರಣ ಆಳವಾಗಿ, ಪದೇ ಪದೇ ಎಳೆಯಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಮಿ.ಲೀ.ಗೆ 20 ಮಿ.ಗ್ರಾಂ. ಮೀರುವಂತಿಲ್ಲ, ನಿಮ್ಮ ಕೈಲಿರುವುದು 50. ಸಿಗರೇಟು ಮುಗಿದರೆ ತುಂಡನ್ನು ಬಿಸಾಡುತ್ತೀರಿ, ವೇಪ್‌ಗೆ ಅಂಥ ಕೊನೆಯಿಲ್ಲ. ಮೇಜಿನ ಮೇಲಿಟ್ಟುಕೊಂಡು ಮೀಟಿಂಗ್ ನಡುವೆ ಎರಡು, ಫೋನ್ ಬಂದಾಗ ಎರಡು ಎಂದು ಎಳೆಯುತ್ತಾ ಹೋದರೆ ಲೆಕ್ಕ ತಪ್ಪುತ್ತದೆ.

ವೇಪ್‌ನಿಂದ ಬಿಟ್ಟವರೇ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಸಿಗರೇಟಿನಿಂದ ದೂರವಿದ್ದವರು ವೇಪ್ ಗುಂಪಿನಲ್ಲಿ ಶೇ. 18, ಗಮ್–ಪ್ಯಾಚ್‌ಗಳ ಗುಂಪಿನಲ್ಲಿ ಶೇ. 9.9. ಆದರೆ ಹಾಗೆ ಬಿಟ್ಟವರಲ್ಲಿ ವೇಪ್ ಗುಂಪಿನ ಶೇ. 80 ಜನ ಆಗಲೂ ವೇಪ್ ಎಳೆಯುತ್ತಲೇ ಇದ್ದರು, ಇನ್ನೊಂದು ಗುಂಪಿನಲ್ಲಿ ಗಮ್, ಪ್ಯಾಚ್ ಮುಂದುವರಿಸಿದ್ದವರು ಶೇ. 9. ಅವರ ಕೈಲಿದ್ದದ್ದು ಅಲ್ಲಿನ ನಿಯಮಕ್ಕೆ ಒಳಪಟ್ಟ ಸರಕು. ನಮ್ಮಲ್ಲಿ 2019ರ ಕಾಯ್ದೆಯಂತೆ ವೇಪ್‌ನ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು ಎಲ್ಲವೂ ನಿಷಿದ್ಧ. ಕದ್ದುಮುಚ್ಚಿ ಸಿಗುವ ಸರಕಿನೊಳಗೆ ಏನಿದೆ ಎಂದು ಇಲ್ಲಿ ತಪಾಸಣೆ ಮಾಡುವವರಿಲ್ಲ. ಅದನ್ನು ನಂಬಿ ಬಿಡುವ ಯೋಜನೆ ಹಾಕಬೇಡಿ.

ನಿಮ್ಮ ಗಮ್ ಸೋತದ್ದೇಕೆ ಎಂಬುದು ಪತ್ರದಲ್ಲೇ ಇದೆ. 15 ಸಿಗರೇಟಿನಿಂದ ದಿನಕ್ಕೆ ಕನಿಷ್ಠ 15 ಮಿ.ಗ್ರಾಂ. ಪಡೆಯುತ್ತಿದ್ದ ಮೈಗೆ ನಾಲ್ಕು ಗಮ್ಮಿನಿಂದ ಹೆಚ್ಚೆಂದರೆ 4 ಸಿಕ್ಕಿತು. ಮೊದಲ ಆರು ವಾರ ಒಂದು–ಎರಡು ಗಂಟೆಗೊಂದರಂತೆ, ದಿನಕ್ಕೆ ಒಂಬತ್ತಾದರೂ ಬೇಕು. ಮುಂದಿನ ಮೂರು ವಾರ 2–4 ಗಂಟೆಗೊಂದು, ಕೊನೆಯ ಮೂರು ವಾರ 4–8 ಗಂಟೆಗೊಂದು.

ಬಿಕ್ಕಳಿಕೆ, ಎದೆಯುರಿ ಬಂದದ್ದು ಬಬಲ್ ಗಮ್ಮಿನಂತೆ ಒಂದೇ ಸಮನೆ ಅಗಿದು ಜೊಲ್ಲು ನುಂಗಿದ್ದರಿಂದ ಇರಬೇಕು. ನುಂಗಿದ ನಿಕೋಟಿನ್ ಹೊಟ್ಟೆಯನ್ನು ಕೆರಳಿಸುತ್ತದೆ, ಅದರ ಬಹುಪಾಲನ್ನು ಯಕೃತ್ತು ರಕ್ತಕ್ಕೆ ಸೇರುವ ಮೊದಲೇ ಒಡೆದುಹಾಕುತ್ತದೆ. ನಿಧಾನವಾಗಿ ಅಗಿಯಿರಿ. ನಾಲಿಗೆಗೆ ಖಾರ ತಾಗಿ ಜುಮ್ಮೆಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಒಂದು ನಿಮಿಷದಲ್ಲಿ ಖಾರ ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಅಗಿದು ಇನ್ನೊಂದು ಕೆನ್ನೆಗೆ ಇಡಿ. ಹೀಗೆ ಅರ್ಧ ಗಂಟೆ. ಶುರು ಮಾಡುವ 15 ನಿಮಿಷ ಮೊದಲಿನಿಂದ ಗಮ್ ಉಗಿಯುವವರೆಗೆ ಕಾಫಿ, ಜ್ಯೂಸ್, ಸೋಡಾ ಏನೂ ಬೇಡ. ನಿಕೋಟಿನ್ ಬಾಯಿಯಲ್ಲಿ ಇಂಗಲು ಕ್ಷಾರದ ಗುಣ ಬೇಕು, ಹುಳಿ ಅದನ್ನು ಕೆಡಿಸುತ್ತದೆ. ದರ್ಶಿನಿಯ ಮುಂದೆ ಬೈಟು ಕಾಫಿ ಕುಡಿದ ಬೆನ್ನಿಗೇ ಗಮ್ ಹಾಕಿಕೊಂಡರೆ ದುಡ್ಡು ದಂಡ.

ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಗಮ್ ಒಂದೇ ಸಾಲುವುದು ಅಪರೂಪ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ. ಪ್ಯಾಚ್ ಆರು ವಾರ, 14 ಎರಡು ವಾರ, 7 ಎರಡು ವಾರ ಎಂಬುದು ರೂಢಿಯ ಕ್ರಮ. ತಡೆಯಲಾರದ ತುಡಿತ ಬಂದಾಗ ಮೇಲಿಂದ 2 ಮಿ.ಗ್ರಾಂ. ಗಮ್. ಎರಡನ್ನೂ ಜೊತೆಗೆ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಫಲಕಾರಿ. ಆಗ ಗಮ್ಮಿನ ಲೆಕ್ಕ ಮೇಲೆ ಹೇಳಿದ ಒಂಬತ್ತಲ್ಲ, ಅದಕ್ಕಿಂತ ಕಡಿಮೆ ಸಾಕು. 4 ಮಿ.ಗ್ರಾಂ. ಗಮ್, ಸೇದುವ ಆಸೆ ತಗ್ಗಿಸುವ ವರೆನಿಕ್ಲಿನ್ ಮಾತ್ರೆಗೆ ವೈದ್ಯರ ಚೀಟಿ ಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವುದನ್ನೂ ಶುರು ಮಾಡಬಾರದು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೇ ಊರಿನಲ್ಲಿದೆ. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ.

ಪ್ರಶ್ನೆ: ನಮ್ಮ ಯಜಮಾನರು ಸಿಗರೇಟು ಬಿಟ್ಟು ಹತ್ತು ದಿನ ಆಯಿತು, 21 ಮಿ.ಗ್ರಾಂ. ಪ್ಯಾಚ್ ಹಾಕುತ್ತಿದ್ದಾರೆ. ರಾತ್ರಿ ಏನೇನೋ ಕನಸು, ಹಗಲು ಕೈ ನಡುಕ. ನಿಕೋಟಿನ್ ಜಾಸ್ತಿಯಾಯಿತೇ? ಕಾಫಿ ಮಾತ್ರ ಮೊದಲಿನಂತೆ ದಿನಕ್ಕೆ ಆರು ಲೋಟ.

ಉತ್ತರ: ಮೊದಲು ಕಾಫಿಯನ್ನು ಮೂರು ಲೋಟಕ್ಕೆ ಇಳಿಸಿ ನೋಡಿ. ಸಿಗರೇಟಿನ ಹೊಗೆಯಲ್ಲಿರುವ ಟಾರು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತದೆ, ಕೆಫೀನ್ ಬೇಗ ಕರಗುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದು ಮಂದವಾಗಿ, ಅದೇ ಆರು ಲೋಟ ಕಾಫಿ ಮೈಯಲ್ಲಿ ದುಪ್ಪಟ್ಟು ಕೂರುತ್ತದೆ. ನಿಕೋಟಿನ್ ಪ್ಯಾಚ್‌ಗೂ ಇದಕ್ಕೂ ಸಂಬಂಧವಿಲ್ಲ. ಇದೇ ಕಾರಣಕ್ಕೆ ಕ್ಲೋಜಪೈನ್, ಒಲಾಂಜಪೈನ್ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ಮನೋವೈದ್ಯರಿಗೆ ತಿಳಿಸಬೇಕು, ಡೋಸ್ ಬದಲಿಸಬೇಕಾಗಬಹುದು.

ಕನಸು ಮಾತ್ರ ಪ್ಯಾಚ್‌ನದೇ ಇರಬಹುದು. ಮಲಗುವ ಮುನ್ನ ತೆಗೆದು, ಬೆಳಿಗ್ಗೆ ಎದ್ದ ಕೂಡಲೇ ಹೊಸದನ್ನು ತೋಳು ಅಥವಾ ಎದೆಯ ಮೇಲೆ ಕೂದಲಿಲ್ಲದ, ಒಣಗಿದ ಬೇರೆ ಜಾಗಕ್ಕೆ ಅಂಟಿಸಲಿ. ಕಾಫಿ ಇಳಿಸಿದ ಮೇಲೂ ನಡುಕದ ಜೊತೆ ವಾಕರಿಕೆ, ತಲೆಸುತ್ತು ಇದ್ದರೆ ವೈದ್ಯರನ್ನು ಕೇಳಿ 14ಕ್ಕೆ ಇಳಿಯಲಿ. ತೆಗೆದ ಪ್ಯಾಚ್‌ನಲ್ಲಿ ನಿಕೋಟಿನ್ ಇನ್ನೂ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ.