ಧಾರವಾಡ ಹಿಡೀತೈತೇನ್ರಿ ಆ ರೇಡಿಯೊ?

ಪ್ರಶ್ನೆ: ಸರ, ನಮ್ಮ ಮಾವಾರದ್ದು 1965ರ ಎಂಜಿಬಿ, ಇಂಗ್ಲೆಂಡಿನ ಓಪನ್ ಸ್ಪೋರ್ಟ್ಸ್ ಗಾಡಿ ಐತ್ರಿ, ಹತ್ತ ವರ್ಷ ಶೆಡ್‌ನಾಗ ನಿಂತಿತ್ತು, ಈಗ ಚಾಲೂ ಮಾಡೇವಿ. ಡ್ಯಾಶ್‌ಬೋರ್ಡಿನ್ಯಾಗ ರೇಡಿಯೊ ಕುಂದ್ರೂ ಜಾಗಾದಾಗ ಎಂಜಿ ಮಾರ್ಕಿನ ಮುಚ್ಚಳ ಅಷ್ಟ ಐತಿ. ಗ್ಯಾರೇಜಿನಾವ ಸ್ವಲ್ಪ ಕಟ್ ಮಾಡಿ ಟಚ್ ಸ್ಕ್ರೀನ್ ಹಾಕೂಣು ಅಂತಾನ. ನನಗ ಆ ಕಾಲದ್ದ ರೇಡಿಯೊ ಇಲ್ಲಾ ಟೇಪ್ ಬೇಕ್ರಿ. ಯಾವದು ಹಾಕ್ಲಿ? ಧಾರವಾಡ ಆಕಾಶವಾಣಿ ಹಿಡೀತೈತೇನ್ರಿ?
– ಟಿಳಕವಾಡಿ, ಬೆಳಗಾವಿ

ಉತ್ತರ: ಮೊದ್ಲ ಅವನ ಕೈಯಾಗಿನ ಕಟರ್ ಕಸ್ಗೋರಿ ಸರ. ಆ ಕಾಲದ ಎಂಜಿಬಿದು ಕಬ್ಬಣದ ಡ್ಯಾಶ್‌ಬೋರ್ಡು, ಒಮ್ಮೆ ಕೊಯ್ದ್ರಿ ಅಂದ್ರ ಮುಗೀತು. ಆಗ ರೇಡಿಯೊಕ್ಕ ಬ್ಯಾರೆ ರೊಕ್ಕ ಕೊಡಬೇಕಿತ್ತು, ಹೀಟರಿಗೂ ಹಂಗ. ರೇಡಿಯೊ ಬ್ಯಾಡಂದಾವ್ರಿಗೆ ಆ ಮುಚ್ಚಳ ಹಾಕಿ ಕಳಸ್ತಿದ್ರು, ಹಂಗಾಗಿ ಏನೂ ಹಾಕದ ಬಿಟ್ಟರೂ ನಿಮ್ಮ ಗಾಡಿ ಕಾಲಕ್ಕ ಸರಿನ ಐತಿ.

ಹಾಕಬೇಕು ಅಂದ್ರ ರೇಡಿಯೊ ಅಷ್ಟ ಹಾಕ್ರಿ, ಟೇಪ್ ಬ್ಯಾಡ. ಫಿಲಿಪ್ಸ್‌ನವರು ಕ್ಯಾಸೆಟ್ ತೋರ್ಸಿದ್ದು 1963ರಾಗ ಖರೆ, ಆದ್ರ ಅದು ಕಾರಿನೊಳಗ ಬಂದಿದ್ದು 60ರ ದಶಕದ ಕಡೀಗೆ. ಅಮೆರಿಕಾದಾಗ ಫೋರ್ಡ್‌ನವರು 8-ಟ್ರ್ಯಾಕ್ ಅನ್ನೂ ಬ್ಯಾರೆ ನಮೂನಿ ಟೇಪ್ ಕೊಟ್ಟಿದ್ದೂ 1966ರ ಮಾಡೆಲ್ಲಿನಿಂದ. 65ರ ಎಂಜಿಬಿಗೆ ಕ್ಯಾಸೆಟ್ ಅಂದ್ರ ಧೋತರ ಉಟ್ಟು ಸ್ಪೋರ್ಟ್ಸ್ ಶೂ ಹಾಕ್ಕೊಂಡಂಗ. ಎರಡೂ ಕಡೆ ಒಂದೊಂದು ನಾಬು ಇರೂ ರೇಡಿಯೊಮೊಬೈಲ್ ಕಂಪನಿ ಸೆಟ್ ಹುಡಕ್ರಿ. ಈಗಿನ 180 ಮಿ.ಮೀ. ಅಗಲದ ಕಿಂಡಿ 80ರ ದಶಕದ ಅಳತಿ, ಅದರ ಸಲುವಾಗೇ ನಿಮ್ಮ ಗ್ಯಾರೇಜಿನಾವ ಕಟ್ ಮಾಡೂಣು ಅನ್ನೂದು.

ಖರೀದಿ ಮಾಡೂ ಮುಂಚೆ ಒಂದು ನೋಡ್ರಿ. 1967ರ ಕಡೀತನಕ ಎಂಜಿಬಿದಾಗ ಬ್ಯಾಟರಿದು ಪ್ಲಸ್ ವಾಯರ್ ಗಾಡಿಯ ಕಬ್ಬಣದ ಮೈಗೆ ಹೋಗ್ತಿತ್ತು, ಸೀಟಿನ ಹಿಂದ 6 ವೋಲ್ಟಿನ ಎರಡು ಬ್ಯಾಟರಿ. ಮೈನಸ್ ಮೈಗೆ ಹೋಗೂ ರೇಡಿಯೊ ತಂದು ಕುಂದ್ರಿಸಿದ್ರಿ ಅಂದ್ರ ಫ್ಯೂಸ್ ಹೋದ್ರ ಪುಣ್ಯ, ಇಲ್ಲಂದ್ರ ಹೊಗಿ. ಆ ಕಾಲದ ಬಾಳ ಸೆಟ್ಟಿಗೆ ಪ್ಲಸ್-ಮೈನಸ್ ಬದ್ಲಿ ಮಾಡೂ ಪ್ಲಗ್ ಇರ್ತೈತಿ, ಅದು ಯಾಕಡೆ ಐತಿ ನೋಡ್ರಿ. ಗಾಡೀನೂ ನಡುವ ಯಾರರೆ ಬದ್ಲಿ ಮಾಡಿರಬಹುದು, ಪುಸ್ತಕ ನಂಬಬ್ಯಾಡ್ರಿ, ಮಲ್ಟಿಮೀಟರ್ ಹಚ್ಚಿ ನೋಡ್ರಿ.

ಧಾರವಾಡ ಆಕಾಶವಾಣಿ ಹಿಡೀತೈತಿ. ಆದ್ರ ಹಳೇ ಇಂಗ್ಲಿಷ್ ಡಯಲ್ ಮ್ಯಾಲೆ ಅಲೆಯ ಉದ್ದದ ಮೀಟರ್ ಲೆಕ್ಕ ಇರ್ತೈತಿ, 765 ಕಿಲೋಹರ್ಟ್ಸ್ ಅಂದ್ರ 392 ಮೀಟರ್, ಮುಳ್ಳು 400ರ ಹತ್ರ ಒಯ್ಯಿರಿ. ಲಾಂಗ್ ವೇವ್ ಬಟನ್ ಒತ್ತಿ ರೇಡಿಯೊ ಕೆಟ್ಟೈತಿ ಅನ್ನಬ್ಯಾಡ್ರಿ, ನಮ್ಮ ದೇಶದಾಗ ಆ ಬ್ಯಾಂಡಿನ್ಯಾಗ ಸ್ಟೇಷನ್ನೇ ಇಲ್ಲ.

ಇನ್ನ ರೇಡಿಯೊದಾಗ ಬರೂ ಗದ್ಲ. ಎಕ್ಸಲರೇಟರ್ ತುಳಿದಂಗ ಕೊಂಯ್ ಅನ್ನೂ ದನಿ ಏರಿದ್ರ ಡೈನಮೊ, ಎಂಜಿನ್ ಓಟಕ್ಕ ತಕ್ಕಂಗ ಪಟಪಟ ಅಂದ್ರ ಇಗ್ನಿಷನ್, ಬರೇ ಚಾವಿ ತಿರುವಿದಾಗನ ಟಕ್ ಟಕ್ ಅಂದ್ರ ಹಿಂದಿನ ಎಸ್‌ಯು ಕಂಪನಿ ಪೆಟ್ರೋಲ್ ಪಂಪು. ಗದ್ಲ ತಡ್ಯಾಕ ಇಗ್ನಿಷನ್ ಕಾಯ್ಲಿಗೆ 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಹಾಕ್ರಿ, ಆದ್ರ ಇಗ್ನಿಷನ್ ಸ್ವಿಚ್ಚಿನಿಂದ ವಾಯರ್ ಬರೂ ಕಡೆ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟಿನ ಕಡೆ ಅಲ್ಲ. ನಾ ಒಮ್ಮೆ ಪಾಯಿಂಟಿನ ಕಡೆ ಹಾಕಿ, ಕಿಡಿ ಸೊರಗಿ, ಖಾನಾಪುರ ರಸ್ತೆದಾಗ ಮಳ್ಯಾಗ ನಿಂತು ಎಮ್ಮಿ ಹೊಡಕೊಂಡ ಹೊಂಟಾವ್ರ ಕಡೆ ಬೈಸ್ಕೊಂಡೇನಿ. ಡೈನಮೊಕ್ಕೂ ದಪ್ಪ ವಾಯರಿನ ತುದೀಗೆ ಹಾಕ್ರಿ, ಸಣ್ಣದಕ್ಕಲ್ಲ. ಏರಿಯಲ್ ಬುಡಕ್ಕ ಮಡ್‌ಗಾರ್ಡಿನ ಕೆಳಗಿನ ಬಣ್ಣ ಕೆರದು ಬರೇ ಕಬ್ಬಣ ಹತ್ತೂಹಂಗ ಕುಂದ್ರಸ್ರಿ, ಅರ್ಧ ಗದ್ಲ ಅಲ್ಲೇ ಹೋಗ್ತೈತಿ.

ಪ್ರಶ್ನೆ: ನಮ್ಮದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್ ರೀ. ಅಪ್ಪಾ 80ರ ದಶಕದಾಗ ಹಾಕಿಸಿದ ಕ್ಯಾಸೆಟ್ ಪ್ಲೇಯರ್ ಐತಿ, ದನಿ ಎಳ್ಕೊಂಡ ಎಳ್ಕೊಂಡ ನಿಂತಬಿಡ್ತೈತಿ. ಗಾಡಿ ಕಾಲದ್ದಲ್ಲ ತಗದ ಬಿಡು ಅಂತಾರ ಗೆಳ್ಯಾರು.
– ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಇದು ಹಳೇ ಸ್ಪೋರ್ಟ್ಸ್ ಕಾರಿನ ಅಂಕಣ, ಹೆರಾಲ್ಡ್ ಸ್ಪೋರ್ಟ್ಸ್ ಕಾರಲ್ಲ ಅಂತ ಯಾರರೆ ತಕರಾರ ತಗೀತಾರ, ಆದ್ರ ಟ್ರಯಂಫ್ ಸ್ಪಿಟ್‌ಫೈರ್ ಅನ್ನೂ ಸ್ಪೋರ್ಟ್ಸ್ ಕಾರು ಇದರ ಚಾಸಿಸ್ ಗಿಡ್ಡ ಮಾಡಿ ಕಟ್ಟಿದ್ದು, ಹಂಗಾಗಿ ಒಳಗ ಬರ್ರಿ. ಪ್ಲೇಯರ್ ತಗೀಬ್ಯಾಡ್ರಿ. ಫ್ಯಾಕ್ಟರಿದಲ್ಲ ಖರೆ, ಅಪ್ಪಾಂದು ಅಲ್ಲೇನು? ಸ್ಪರ್ಧಾಕ್ಕ ನಿಲ್ಲಸಾವ್ರು ಬೇಕಾದ್ರ ತಗೀಲಿ.

ತಪ್ಪು ರಬ್ಬರ್ ಬೆಲ್ಟಿಂದು. ಬಿಚ್ಚಿದ್ರ ಬೆಲ್ಟ್ ಬೆಲ್ಟಾಗಿ ಇರೂದಿಲ್ಲ, ಕರಗಿರ್ತೈತಿ, ಪುಲಿ ತುಂಬ ಕರ್ರಗ ಸಕ್ಕರಿ ಕಾರ್ಖಾನಿ ಕಾಕಂಬಿ ಮೆತ್ತಿರ್ತೈತಿ, ಬೆರಳಿಗೆ ಹತ್ತಿದ್ರ ಎರಡ ದಿನ ಹೋಗೂದಿಲ್ಲ, ನನ್ನ ಒಂದು ಬಿಳಿ ಅಂಗಿ ಹಂಗ ಹೋಗೈತಿ. ಕಡ್ಡಿಗೆ ಅಳ್ಳಿ ಸುತ್ತಿ ಐಸೊಪ್ರೊಪೈಲ್ ಆಲ್ಕೊಹಾಲಿನಾಗ ಅದ್ದಿ ಒರಸ್ರಿ, ಪೆಟ್ರೋಲ್ ಬ್ಯಾಡ, ಪ್ಲಾಸ್ಟಿಕ್ ಹಾಳ ಮಾಡ್ತೈತಿ. ಹೊಸಾ ಬೆಲ್ಟ್ ಹಳೇದರ ದಪ್ಪಕ್ಕ ಸರಿ ಇರ್ಲಿ. ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ಬಾಳ ಮೋಟರ್ ಹಿಂದ ತೂತಿನ್ಯಾಗ ಸಣ್ಣ ಸ್ಕ್ರೂ ಇರ್ತೈತಿ, ಅದರಿಂದ ಸ್ಪೀಡ್ ಸರಿ ಮಾಡಬಹುದು. ಮೊದ್ಲ ಅಪ್ಪಾನ ಕ್ಯಾಸೆಟ್ ಹಾಕಬ್ಯಾಡ್ರಿ ಮತ್ತ, ಯಾವದರೆ ಬ್ಯಾಡಾಗಿದ್ದು ಹಾಕ್ರಿ, ನುಂಗಿದ್ರ ಅದನ್ನ ನುಂಗ್ಲಿ.

ಪ್ರಶ್ನೆ: ಹಳೇ ಕಾರ್ ರೇಡಿಯೊದೊಳಗ ಬ್ಲೂಟೂತ್ ಹಾಕಿದ್ರ ಪಾಪಾ ಏನ್ರಿ?
– ವಿಜಯಪುರ

ಉತ್ತರ: ಹೊರಗ ಕಾಣದಿದ್ರ ಇಲ್ಲ. ಬ್ಲೂಟೂತ್ ಬೋರ್ಡನ್ನ, ದನಿ ವಾಲ್ಯೂಮ್ ಕಂಟ್ರೋಲಿಗೆ ಹೋಗೂ ಮುಂಚಿನ ಜಾಗಾದಾಗ ಜೋಡಸ್ತಾರ. ಪ್ಲಸ್ ವಾಯರ್ ಮೈಗೆ ಹೋಗೂ ಗಾಡ್ಯಾದ್ರ ಬೋರ್ಡಿಗೆ ಐಸೋಲೇಟ್ ಆದ, ಅಂದ್ರ ಗಾಡಿ ಕರೆಂಟಿಗೆ ನೇರ ಕೂಡದ ಸಪ್ಲೈ ಬೇಕು, ಮೊಬೈಲ್ ಅಂಗಡಿಯ ಸಾದಾ ಕನ್ವರ್ಟರ್ ಸುಡ್ತೈತಿ. 60ರ ದಶಕದ ಸೆಟ್ಟಿನ್ಯಾಗ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ರ ನಿಮ್ಮೂರ ಏಪ್ರಿಲ್ ಬಿಸಲಾಗ ಗಾಡಿ ನಿಲ್ಲಿಸಿ ಬಂದ ಕೂಡ್ಲೆ ಜೋರ ಹಚ್ಚಬ್ಯಾಡ್ರಿ, ಅವು ಬಿಸಿ ಆದಂಗ ಕರೆಂಟ್ ಜಾಸ್ತಿ ಎಳೀತಾವ, ಎಳದಂಗ ಮತ್ತ ಬಿಸಿ ಆಗ್ತಾವ, ಕಡೀಗೆ ಸಾಯ್ತಾವ. ಮ್ಯಾಲಿನ ಬಟ್ಟಿ ಹುಡ್ ತಗದು ಗಾಳಿ ಆಡಿಸಿ ಆಮ್ಯಾಲೆ ಹಚ್ರಿ. ಬಿಚ್ಚಿದ ಸಾಮಾನ ಒಂದ ಡಬ್ಬ್ಯಾಗ ಹಾಕಿ ಮ್ಯಾಲೆ ಹೆಸರ ಬರದಿಡ್ರಿ, ಮನ್ಯಾಗಿನವ್ರು ಗುಜರಿಗೆ ಹಾಕ್ತಾರ.